ಸಂಚಕಾರ ಎಂಬ ಮಾತಿನ ಅರ್ಥವಿಚಾರ

ಅಪೋಸ್ತಲನಾದ ಪೌಲನ ಪತ್ರಿಕೆಗಳಲ್ಲಿ ಮೂರೇ ಸ್ಥಳಗಳಲ್ಲಿ ಸಿಕ್ಕುವ ಒಂದು ಚಿಕ್ಕ ಮಾತನ್ನು ಕುರಿತು ಈ ತಿಂಗಳ ಪಾಠದಲ್ಲಿ ವಿಚಾರಿಸೋಣ. ಅದು ಸಂಚಕಾರ ಎಂಬದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 1ನೆಯ ಅಧ್ಯಾಯದ 22ನೆಯ ವಚನದಲ್ಲಿಯೂ, ಅದೇ ಪತ್ರಿಕೆಯ 5ನೆಯ ಅಧ್ಯಾಯದ 5ನೆಯ ವಚನದಲ್ಲಿಯೂ, ಎಫೆಸದವರಿಗೆ ಬರೆದ ಪತ್ರಿಕೆಯ 1ನೆಯ ಅಧ್ಯಾಯದ 14ನೆಯ ವಚನದಲ್ಲಿಯೂ ದೇವರು ನಮಗೆ ದಯಪಾಲಿಸಿದ ಪವಿತ್ರಾತ್ಮನನ್ನು ಅಪೋಸ್ತಲನು ಈ ಹೆಸರಿನಿಂದ ಕರೆಯುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲಿಯೂ ಈ ಮಾತು ಇಲ್ಲ. ವಾಚಕರು ಸತ್ಯವೇದವನ್ನು ತೆರೆದು ಮೊದಲು ಈ ಮೂರು ವಚನಗಳನ್ನು ಓದಿಕೊಂಡು ಆಮೇಲೆ ಪಾಠಕ್ಕೆ ಬರುವದು ಒಳ್ಳೇದು. ಓದು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಲಿ.

ಈ ಮಾತು ನಮ್ಮ ಹಿರಿಯರಿಗೆ ಕಷ್ಟವಾದದ್ದಾಗಿರಲಿಲ್ಲ. ಹೊಲವನ್ನಾಗಲಿ ಎತ್ತುಗಳನ್ನಾಗಲಿ ಕೊಳ್ಳುವವನು ಕ್ರಯ ಗೊತ್ತಾದ ಕೂಡಲೆ ಮಾರುವವನ ಕೈಯಲ್ಲಿ ಇಡುವ ಮುಂಗಡ ಹಣಕ್ಕೆ ಸಂಚಕಾರವೆಂದು ಹೆಸರು. ಆದರೆ ಈಗ ವರ್ತಮಾನಪತ್ರಗಳನ್ನು ಓದುವವರ ಕಿವಿಗೆ ಇದು ಬೇರೊಂದು ಅರ್ಥದಲ್ಲಿಯೇ ಬೀಳುತ್ತದೆ. ಪ್ರಾಣಕ್ಕೆ ಸಂಚಕಾರ, ಕೆಲಸಕ್ಕೆ ಸಂಚಕಾರ, ಕೆರೆಗೆ ಸಂಚಕಾರ ಎಂದು ಬರೆಯುವಾಗ ಕೇಡು, ಅಪಾಯ ಎಂದೇ ಅರ್ಥವಾಗುತ್ತದೆ. ಹೀಗಿರಲಾಗಿ ಒಂದು ಹಳ್ಳಿಯ ಪ್ರಾರ್ಥನಾಕೂಟದಲ್ಲಿ ಎಫೆಸ ಪತ್ರಿಕೆಯನ್ನು ಓದಿದ ಮೇಲೆ ಒಬ್ಬ ವೃದ್ಧೆಯು ಎದ್ದು, "ಅಯ್ಯನವರೇ, ಸಂಚಕಾರ ಬಂತು ಅಂದರೆ ಮನೆ ಹಾಳಾಯಿತು ಅಂತ ಅಲ್ಲವೇ? ದೇವರ ಆತ್ಮ ನಮಗೆ ಸಂಚಕಾರ ಆಗೋದು ಹೇಗೆ?" ಎಂದು ಉಪದೇಶಿಯನ್ನು ಕೇಳಿದಳು. ಅವಳು ಮನಸ್ಸಿಟ್ಟು ಕೇಳಿದ್ದರಿಂದಲೇ ಅವಳಿಗೆ ಈ ಸಂದೇಹವು ಹುಟ್ಟಿತು. ಉಪದೇಶಿಯು ಬುದ್ಧಿವಂತನಾದದರಿಂದ, "ಅಜ್ಜೀ, ನೀವು ಹೋದ ವರುಷ ಎಮ್ಮೆ ತಂದಿರಲ್ಲ, ಮಾತು ಕುದುರಿದ ದಿನವೇ ಪೂರಾ ಹಣ ಕೊಟ್ಟಿರೋ?" ಎಂದನು. "ಎಲ್ಲಿಂದ ಕೊಡಲಿ? ಐನೂರು ಕೈಯಲ್ಲಿಟ್ಟು ಬಂದೆ. ಉಳಿದದ್ದು ಸಂತೆಯ ದಿವಸ ಕೊಟ್ಟು ಹೊಡಕೊಂಡು ಬಂದೆ." "ನಡುವೆ ಇನ್ನೊಬ್ಬರು ಬಂದು ಹೆಚ್ಚಿಗೆ ಕೊಡುತ್ತೇನೆ ಅಂದಿದ್ದರೆ?" "ಹ್ಯಾಗೆ ಕೊಟ್ಟಾನು? ನನ್ನ ಹಣ ಅವನ ಹತ್ತಿರ ಇರಲಿಲ್ಲವೇ!" ಎಂದಳು. ಆ ವಚನದ ಅರ್ಥದಲ್ಲಿ ಅರ್ಧವು ಆ ಅಜ್ಜಿಯ ಬಾಯಿಂದಲೇ ಬಂದುಹೋಯಿತು.

ಒಳ್ಳೇ ಅರ್ಥವುಳ್ಳ ಮಾತು ಕೆಟ್ಟ ಅರ್ಥಕ್ಕೆ ತಿರುಗಿದ್ದು ಹೇಗೆ? ನಮಗೆ ತೋರುವ ಪ್ರಕಾರ, ಸಂಚಕಾರ ಬಿದ್ದ ವಸ್ತುವು ಇನ್ನೊಬ್ಬರ ಪಾಲಾಯಿತೆಂದೇ ಲೆಕ್ಕ. ಆದದರಿಂದ ಒಬ್ಬನ ಪ್ರಾಣಕ್ಕೆ ಸಂಚಕಾರ ಬಿತ್ತೆಂದರೆ ಮರಣವು ಅವನಿಗೆ ಮುಂಗಡ ಕೊಟ್ಟು ಗೊತ್ತುಮಾಡಿಕೊಂಡಿತೆಂದು ಜನರು ಹಾಸ್ಯವಾಗಿಯೋ ದುಃಖದಿಂದಲೋ ಆಡಿದ ಮಾತು ಕಾಲಕ್ರಮದಲ್ಲಿ ನಿಂತುಹೋಗಿರಬೇಕು. ಅದು ಹೇಗೇ ಇರಲಿ, ಮಾತಿನ ಮೂಲವು ಕೇಡಲ್ಲ, ಸತ್ಯ. ಶಬ್ದಶಾಸ್ತ್ರವನ್ನು ಬಲ್ಲವರು ಇದನ್ನು ಸಂಸ್ಕೃತದ ಸತ್ಯಂಕಾರ ಎಂಬ ಮಾತಿನ ತದ್ಭವವೆಂದು ಹೇಳುತ್ತಾರೆ. ಆಡಿದ ಮಾತನ್ನು ಸತ್ಯಮಾಡುವಂಥದು ಎಂದು ಅದರ ಭಾವ. ಅಮರಕೋಶದಲ್ಲಿ ಈ ಮಾತು ವೈಶ್ಯವರ್ಗದಲ್ಲಿ, ಅಂದರೆ ವ್ಯಾಪಾರದ ಮಾತುಗಳ ಸಾಲಿನಲ್ಲಿ, ಸಿಕ್ಕುತ್ತದೆ. ತೆಲುಗು ಸತ್ಯವೇದದಲ್ಲಿ ಇದೇ ವಚನಕ್ಕೆ ಸಂಚಕರುವು ಎಂದೂ, ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಅಚ್ಚಾರ ಎಂದೂ ಇರುತ್ತದೆ. ನಮ್ಮ ನೆರೆಯ ಭಾಷೆಗಳವರೆಲ್ಲರೂ ಸಂತೆಯ ಮಾತನ್ನೇ ಆರಿಸಿಕೊಂಡರು. ಧಾರವಾಡದ ಕಡೆಯವರು ಇಸಾರವೆಂದು ಹೇಳುವದೂ, ಪಟ್ಟಣದವರು ಅಡ್ವಾನ್ಸ್ ಎಂದು ಹೇಳುವದೂ ಹೆಚ್ಚು ಕಡಿಮೆ ಇದನ್ನೇ.

ಪೌಲನು ಬರೆದ ಗ್ರೀಕ್ ಮಾತು ಅರ್ರಬೋನ್ ಎಂಬದು. ಇದು ಹುಟ್ಟಿನಿಂದ ಗ್ರೀಕ್ ಮಾತಲ್ಲ. ಇಬ್ರಿಯರೂ ಅವರ ನೆರೆಯವರಾದ ಫೊಯಿನಿಕೆಯವರೂ ಆಡುತ್ತಿದ್ದ ಭಾಷೆಗಳಿಂದ ವರ್ತಕರ ಮೂಲಕವಾಗಿ ಹಡಗು ಹತ್ತಿ ಗ್ರೀಕರ ದೇಶಕ್ಕೆ ಹೋಯಿತೆಂದು ಪಂಡಿತರು ಎಣಿಸುತ್ತಾರೆ. ಆದಿಕಾಂಡದ 38ನೆಯ ಅಧ್ಯಾಯದಲ್ಲಿ ಯೆಹೂದನು ಒಂದು ಆಡಿನ ಮರಿಯನ್ನು ಕಳುಹಿಸುತ್ತೇನೆಂದು ತಾಮಾರಳಿಗೆ ಹೇಳಿ, ಅದು ಬರುವ ತನಕ ತನ್ನ ಮುದ್ರೆಯನ್ನೂ ಅದರ ದಾರವನ್ನೂ ಕೈಕೋಲನ್ನೂ ಅವಳಲ್ಲಿ ಬಿಟ್ಟುಹೋದನಷ್ಟೆ. ಆ ವೃತ್ತಾಂತದಲ್ಲಿ ಮೂರು ಸಾರಿ ಈ ಮಾತಿನ ಇಬ್ರಿಯ ರೂಪವು ಬರುತ್ತದೆ. ಅಲ್ಲಿ ಅದಕ್ಕೆ ಒತ್ತೆ ಎಂದರ್ಥ. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಮಾತನ್ನು ಅದೇ ಯೆಹೂದನು ಮುಂದೆ 43ನೆಯ ಅಧ್ಯಾಯದಲ್ಲಿ ತನ್ನ ತಂದೆಯ ಮುಂದೆ ಆಡುತ್ತಾನೆ; ಬೆನ್ಯಾಮೀನನಿಗೋಸ್ಕರ ತಾನೇ ಹೊಣೆಯಾಗುತ್ತೇನೆನ್ನುತ್ತಾನೆ. ಒಂದು ಕಾಲದಲ್ಲಿ ನಾಚಿಕೆಗೆಟ್ಟ ಕೆಲಸಕ್ಕೆ ಕೋಲನ್ನು ಒತ್ತೆಯಿಟ್ಟವನು ಇನ್ನೊಂದು ಕಾಲದಲ್ಲಿ ತಮ್ಮನಿಗಾಗಿ ತನ್ನನ್ನೇ ಕೊಡುವದಕ್ಕೆ ನಿಂತನು. ಆ ಯೆಹೂದನ ಕುಲದಲ್ಲಿಯೇ ನಮ್ಮ ಕರ್ತನು ಹುಟ್ಟಿದನೆಂದು ಇಬ್ರಿಯ ಪತ್ರಿಕೆಯ 7ನೆಯ ಅಧ್ಯಾಯವು ಹೇಳಿ, ಆತನು ಉತ್ತಮವಾದ ಒಡಂಬಡಿಕೆಗೆ ಹೊಣೆಗಾರನೆಂದೂ ಅಲ್ಲಿಯೇ ಕಲಿಸುತ್ತದೆ. ಇದು ನಮ್ಮ ಪಾಠದ ದಾರಿಯಿಂದ ತುಸು ಬದಿಗೆ ಇದ್ದರೂ ಬಿಟ್ಟುಹೋಗಲು ಮನಸ್ಸು ಬರಲಿಲ್ಲ.

ಪೌಲನ ಕಾಲದಲ್ಲಿ ಸಾಮಾನ್ಯ ಜನರು ಈ ಮಾತನ್ನು ಹೇಗೆ ಬಳಸುತ್ತಿದ್ದರೆಂಬದು ಐಗುಪ್ತದೇಶದ ಮರಳಿನಿಂದ ನಮಗೆ ಗೊತ್ತಾಗಿದೆ. ಅಲ್ಲಿ ಮಳೆಯು ಬಹು ಕಡಿಮೆಯಾದದರಿಂದ ಎರಡು ಸಾವಿರ ವರುಷಗಳ ಹಿಂದಿನ ಕಾಗದಗಳು, ಅಂದರೆ ಆಪಿನಂಥ ಒಂದು ಗಿಡದ ತಿರುಳಿನಿಂದ ಮಾಡಿದ ಹಾಳೆಗಳು, ಕೆಡದೆ ಉಳಿದವು. 1896ನೆಯ ಇಸವಿಯ ಕೊನೆಯಿಂದ ಆಕ್ಸಿರಿಂಕಸ್ ಎಂಬ ಹಳೇ ಊರಿನ ಕಸದ ದಿಬ್ಬಗಳನ್ನು ಅಗೆದ ಗ್ರೆನ್‌ಫೆಲ್, ಹಂಟ್ ಎಂಬ ಇಬ್ಬರು ಆಂಗ್ಲ ಪಂಡಿತರಿಗೆ ಲೆಕ್ಕದ ಚೀಟಿಗಳೂ ಕರಾರುಗಳೂ ಮನೆಯವರ ಓಲೆಗಳೂ ರಾಶಿರಾಶಿಯಾಗಿ ಸಿಕ್ಕಿದವು. ಅಪೋಸ್ತಲರ ಶತಮಾನದ ಒಂದು ಓಲೆಯಲ್ಲಿ ಒಬ್ಬನು, ಇಲಿ ಹಿಡಿಯುವ ಲಾಂಪೋನನೆಂಬವನಿಗೆ ಎಂಟು ದ್ರಾಖ್ಮೆಗಳನ್ನು ಅರ್ರಬೋನಾಗಿ ಕೊಟ್ಟೆನೆಂದು ಬರೆಯುತ್ತಾನೆ. ಇಲಿಗಳು ಗರ್ಭವಾಗಿರುವಾಗಲೇ ಅವುಗಳನ್ನು ಹಿಡಿಯಬೇಕೆಂದು ಅವನ ಆತುರ. ಇನ್ನೂ ಹಳೇದಾದ ಮತ್ತೊಂದು ಕಾಗದದಲ್ಲಿ ಹಸುವನ್ನು ಮಾರಿದ ಒಬ್ಬ ಹೆಂಗಸು ಸಾವಿರ ದ್ರಾಖ್ಮೆಗಳನ್ನು ಅರ್ರಬೋನಾಗಿ ತೆಗೆದುಕೊಂಡದ್ದು ಬರೆದದೆ. ಊರಹಬ್ಬಕ್ಕೆ ಕುಣಿಯುವವರನ್ನು ಗೊತ್ತುಮಾಡಿ ಅವರಿಗೆ ಕೊಟ್ಟ ಅರ್ರಬೋನಿನ ಕರಾರೂ ಉಂಟು. ನೋಡಿರಿ, ಪವಿತ್ರಾತ್ಮನ ವಿಷಯವನ್ನು ತಿಳಿಸುವದಕ್ಕೆ ಅಪೋಸ್ತಲನು ದೇವಾಲಯದೊಳಗಿನ ಮಾತನ್ನು ಹುಡುಕದೆ ಇಲಿ ಹಿಡಿಯುವವನೂ ಹಸು ಮಾರುವವಳೂ ದಿನಾಲು ಆಡುವ ಮಾತನ್ನು ತೆಗೆದುಕೊಂಡನು. ಅವನು ತಾನೇ ಕೊರಿಂಥದಲ್ಲಿ ಅಕ್ವಿಲನ ಮನೆಯಲ್ಲಿದ್ದು ಗುಡಾರಗಳನ್ನು ಮಾಡಿ ಜೀವನ ಮಾಡಿದವನೆಂದು ಅಪೋಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಓದುತ್ತೇವೆ. ಗುಡಾರ ಬೇಕಾದವರು ಎಷ್ಟೋ ಸಾರಿ ಅವನ ಕೈಯಲ್ಲಿಯೂ ಅರ್ರಬೋನನ್ನು ಇಟ್ಟು ಹೋಗಿದ್ದಿರಬೇಕು. ಕೊರಿಂಥವು ಎರಡು ರೇವುಗಳುಳ್ಳ ವರ್ತಕರ ಪಟ್ಟಣ. ಅಲ್ಲಿಯ ಸಭೆಯವರಿಗೆ ಈ ಮಾತನ್ನು ಬಿಡಿಸಿ ಹೇಳುವ ಅವಶ್ಯವೇ ಇರಲಿಲ್ಲ.

ಚಿಕ್ಕ ಸಂಚಕಾರದ ಬಲವು ಎಷ್ಟು ದೊಡ್ಡದೆಂಬದಕ್ಕೆ ಗ್ರೀಕರಲ್ಲಿ ಒಂದು ಹಳೇ ಕಥೆಯುಂಟು. ಅದನ್ನು ಅರಿಸ್ಟಾಟಲನು ತನ್ನ ರಾಜ್ಯನೀತಿಯ ಗ್ರಂಥದಲ್ಲಿ ಬರೆದಿದ್ದಾನೆ. ಎಫೆಸದ ಹಿರಿಯರನ್ನು ಪೌಲನು ಕರೇಕಳುಹಿಸಿ ಬುದ್ಧಿ ಹೇಳಿದ ಮಿಲೇತವೆಂಬ ಪಟ್ಟಣದಲ್ಲಿ ಅವನಿಗಿಂತ ಆರು ನೂರು ವರುಷಗಳ ಹಿಂದೆ ಥೇಲಿಸನೆಂಬ ಜ್ಞಾನಿಯಿದ್ದನು. ಜ್ಞಾನದಿಂದ ನಿನಗೇನು ಲಾಭವಾಯಿತು, ನೀನು ಬಡವನಾಗಿಯೇ ಇದ್ದೀ ಎಂದು ಜನರು ಅವನನ್ನು ಹಾಸ್ಯಮಾಡಿದರಂತೆ. ಬರುವ ವರುಷ ಎಣ್ಣೆಮರಗಳು ಬಹಳವಾಗಿ ಫಲಿಸುವವೆಂದು ಅವನು ಚಳಿಗಾಲದಲ್ಲಿಯೇ ತಿಳುಕೊಂಡು, ತನ್ನಲ್ಲಿದ್ದ ಸ್ವಲ್ಪ ಹಣವನ್ನು ಆ ಸೀಮೆಯ ಗಾಣಗಳ ಯಜಮಾನರೆಲ್ಲರಿಗೂ ಅರ್ರಬೋನಾಗಿ ಹಂಚಿಬಿಟ್ಟನು. ಆಗ ಗಾಣಗಳನ್ನು ಕೇಳುವವರು ಯಾರೂ ಇಲ್ಲದ್ದರಿಂದ ಅವು ಅಗ್ಗವಾಗಿ ಸಿಕ್ಕಿದವು. ಸುಗ್ಗಿ ಬಂದಾಗ ಎಲ್ಲರಿಗೂ ಒಂದೇ ಸಾರಿ ಗಾಣ ಬೇಕಾಯಿತು. ಗಾಣಗಳೆಲ್ಲಾ ಅವನ ವಶದಲ್ಲಿದ್ದವು. ಕೊಟ್ಟದ್ದು ಕೆಲವು ನಾಣ್ಯ, ಕಟ್ಟಿದ್ದು ಒಂದು ಸೀಮೆಯ ಗಾಣಗಳನ್ನೆಲ್ಲಾ.

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಒತ್ತೆಗೂ ಸಂಚಕಾರಕ್ಕೂ ಇರುವ ಭೇದವನ್ನು ತಿಳಿಯದವನಿಗೆ ಅಪೋಸ್ತಲನ ಬೋಧನೆಯು ತಿಳಿಯದು. ಬೀಜಕ್ಕೆ ಹಣವಿಲ್ಲದೆ ಸಾಲ ಮಾಡುವವನು ಹೆಂಡತಿಯ ಓಲೆಯನ್ನು ಒತ್ತೆಯಿಡುತ್ತಾನೆ. ಓಲೆ ಬೇರೆ, ಹಣ ಬೇರೆ. ಎರಡಕ್ಕೂ ಜಾತಿ ಒಂದಲ್ಲ. ಸಾಲವು ತೀರಿದ ದಿವಸ ಓಲೆಯನ್ನು ಹಿಂದಕ್ಕೆ ಕೊಡಬೇಕು. ಸಂಚಕಾರವಾದರೋ ಹೀಗಲ್ಲ. ಹತ್ತು ಸಾವಿರ ರೂಪಾಯಿಗೆ ಎತ್ತು ಗೊತ್ತಾಗಿ ಐನೂರು ರೂಪಾಯಿ ಸಂಚಕಾರ ಕೊಟ್ಟರೆ ಆ ಐನೂರು ಆ ಹತ್ತು ಸಾವಿರದೊಳಗಿನದೇ ಆಗಿದೆ. ಉಳಿದ ಒಂಬತ್ತು ಸಾವಿರದ ಐನೂರು ಬರುವಾಗ ಮೊದಲು ಕೊಟ್ಟದ್ದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವದಿಲ್ಲ. ಅದರ ಮೇಲೆ ಇದು ಕೂಡಿ ಕ್ರಯವು ಪೂರ್ತಿಯಾಗುತ್ತದೆ.

ಲತೀನ್ ಭಾಷೆಗೆ ಪತ್ರಿಕೆಗಳನ್ನು ತರ್ಜುಮೆ ಮಾಡಿದವರು ಈ ಸ್ಥಳಗಳಲ್ಲಿ ಒತ್ತೆ ಎಂಬರ್ಥದ ಮಾತನ್ನು ಹಾಕಿದ್ದರು. ಬೇತ್ಲೆಹೇಮಿನಲ್ಲಿ ವಾಸವಾಗಿದ್ದ ಯೆರೋಮನೆಂಬ ಸಭಾಪಂಡಿತನು ಎಫೆಸ ಪತ್ರಿಕೆಯ ಮೇಲೆ ಟೀಕೆ ಬರೆಯುವಾಗ, ಇವೆರಡೂ ಒಂದೇ ಅಲ್ಲ, ಒತ್ತೆಯು ಸಾಲಕ್ಕೆ ಇಡುವಂಥದು, ಅರ್ರಬೋನ್ ಮುಂದೆ ಆಗುವ ಕ್ರಯಕ್ಕೆ ಸಾಕ್ಷಿಯಾಗಿಯೂ ಕಟ್ಟಾಗಿಯೂ ಕೊಡುವಂಥದು ಎಂದು ಎಚ್ಚರಿಸಿದನು. ಆಫ್ರಿಕ ಖಂಡದ ಹಿಪ್ಪೋ ಪಟ್ಟಣದ ಅಧ್ಯಕ್ಷನಾಗಿದ್ದ ಅಗಸ್ತೀನನು ತನ್ನ ಪ್ರಸಂಗಗಳಲ್ಲಿ ಇದನ್ನೇ ಇನ್ನೂ ಸ್ಪಷ್ಟವಾಗಿ ತೋರಿಸಿದನು. ಒತ್ತೆಯನ್ನು ಕಡೆಗೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಸಂಚಕಾರವನ್ನು ತೆಗೆದುಕೊಳ್ಳದೆ ಪೂರ್ತಿಮಾಡುತ್ತಾರೆ. ಆದಕಾರಣ ದೇವರಾತ್ಮನಿಗೆ ಒತ್ತೆಯೆಂಬ ಹೆಸರು ತಕ್ಕದ್ದಲ್ಲವೆಂದು ಅವನ ಅಭಿಪ್ರಾಯ. ಇದು ನಮಗೂ ಸರಿಯೆಂದು ತೋರುತ್ತದೆ. ಪವಿತ್ರಾತ್ಮನು ಒತ್ತೆಯಾಗಿದ್ದರೆ ನಾವು ಪರಲೋಕದ ಬಾಧ್ಯತೆಯನ್ನು ಹೊಂದಿದ ದಿನದಲ್ಲಿ ಆತನು ನಮ್ಮನ್ನು ಬಿಟ್ಟುಹೋಗಬೇಕಾಗಿತ್ತು. ಆದರೆ ಆತನು ಸದಾಕಾಲವೂ ನಿಮ್ಮ ಸಂಗಡ ಇರುವನೆಂದು ಯೋಹಾನನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಕರ್ತನು ಶಿಷ್ಯರಿಗೆ ಮಾತು ಕೊಟ್ಟಿದ್ದಾನೆ. ನಮ್ಮ ಕನ್ನಡ ಸತ್ಯವೇದದಲ್ಲಿ ಒತ್ತೆ ಎನ್ನದೆ ಸಂಚಕಾರ ಎಂದಿರುವದಕ್ಕಾಗಿ ನಾವು ದೇವರನ್ನು ಸ್ತುತಿಸಬಹುದು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅಯ್ಯನವರೂ ಅವರ ಸಂಗಡಿಗರೂ ಬಹು ವರುಷ ದುಡಿದು 1831ರಲ್ಲಿ ಇಡೀ ಸತ್ಯವೇದವು ಕನ್ನಡದಲ್ಲಿ ಮುಗಿದಂದಿನಿಂದ ಅದನ್ನು ತಿದ್ದುತ್ತಾ ಬಂದವರು ಇಂಥ ಒಂದೊಂದು ಮಾತಿಗಾಗಿ ಎಷ್ಟು ವಿಚಾರಿಸಿರಬೇಕೆಂಬದನ್ನು ಓದುವ ನಾವು ನೆನಸುವದೇ ಇಲ್ಲ.

ಸಂಚಕಾರವು ಬರುವಂಥ ಪೂರ್ಣತೆಯ ಜಾತಿಯದೇ ಎಂಬ ಮಾತಿಗೆ ಹಳೇ ಒಡಂಬಡಿಕೆಯಲ್ಲಿ ಒಳ್ಳೇ ದೃಷ್ಟಾಂತವುಂಟು. ಅರಣ್ಯಕಾಂಡದ 13ನೆಯ ಅಧ್ಯಾಯದಲ್ಲಿ ಮೋಶೆಯು ಕಳುಹಿಸಿದ ಹನ್ನೆರಡು ಮಂದಿ ಕಾನಾನ್ ದೇಶವನ್ನು ನಾಲ್ವತ್ತು ದಿವಸ ಸಂಚರಿಸಿ ನೋಡಿ, ಎಷ್ಕೋಲೆಂಬ ತಗ್ಗಿನಿಂದ ದ್ರಾಕ್ಷೆಯ ಒಂದು ಗೊಂಚಲನ್ನು ಕೊಯಿದು ಇಬ್ಬರು ಅಡ್ಡೆಯ ಮೇಲೆ ಹೊತ್ತು ತಂದರು. ಪಾಳೆಯದಲ್ಲಿದ್ದವರು ಆ ದೇಶವನ್ನು ಇನ್ನೂ ಕಾಣಲಿಲ್ಲ, ಅಲ್ಲಿ ಒಂದು ಗೇಣು ನೆಲವೂ ಅವರದಾಗಿರಲಿಲ್ಲ. ಆದರೂ ಅವರ ಕಣ್ಣೆದುರಿಗಿದ್ದ ಹಣ್ಣು ಚಿತ್ರದ ಹಣ್ಣಲ್ಲ, ಆ ದೇಶದ ಹಣ್ಣೇ. ಹತ್ತು ಮಂದಿ ಹಣ್ಣನ್ನು ತೋರಿಸಿಯೂ ಅಲ್ಲಿಯ ಎತ್ತರವಾದ ಮನುಷ್ಯರ ಮಾತನ್ನೇ ಹೇಳಿ ಜನರ ಎದೆಗೆಡಿಸಿದರು. ಕಾಲೇಬನೂ ಯೆಹೋಶುವನೂ ಮಾತ್ರ ಹಣ್ಣನ್ನು ಕೊಟ್ಟ ದೇವರು ದೇಶವನ್ನೂ ಕೊಡುವನೆಂದು ನಂಬಿದರು. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಪೌಲನು ಸಂಚಕಾರವೆನ್ನದೆ ಪವಿತ್ರಾತ್ಮನೆಂಬ ಪ್ರಥಮಫಲವೆಂದು ಹೇಳುವದೂ ಇದೇ ಅರ್ಥದಲ್ಲಿಯೇ. ವರ್ತಕನಿಗೆ ಸಂಚಕಾರ, ರೈತನಿಗೆ ಮೊದಲ ಸಿವುಡು.

ಹಾಗಾದರೆ ಈ ಸಂಚಕಾರವು ನಮ್ಮ ಕೈಸೇರಿದೆಯೆಂದು ಹೇಗೆ ತಿಳಿಯುವದು? ಕೆಲವರು ಮೈ ನಡುಗುವದನ್ನೂ ದರ್ಶನಗಳನ್ನೂ ಹುಡುಕಿ, ಅವು ಕಾಣದೆ ಇರುವಾಗ ತಮಗೆ ಆತ್ಮನು ದೊರೆಯಲೇ ಇಲ್ಲವೆಂದು ದುಃಖಪಡುತ್ತಾರೆ. ಅಪೋಸ್ತಲನು ತೋರಿಸುವ ಗುರುತುಗಳು ಬೇರೆ. ಮೊದಲು ದೇವರ ಹೆಸರನ್ನು ಕೇಳಿದರೇ ಭಯದಿಂದ ದೂರ ನಿಲ್ಲುತ್ತಿದ್ದವನು ಈಗ ಹೊಲದಲ್ಲಿಯೂ ಹಾಸಿಗೆಯ ಮೇಲೆಯೂ ಆತನನ್ನು ತಂದೆಯೇ ಎಂದು ಕರೆಯುವದಾದರೆ ಆ ಕೂಗು ಅವನ ಸ್ವಂತದ್ದಲ್ಲ, ಅದು ಮಗನ ಆತ್ಮನು ಹುಟ್ಟಿಸಿದ ಕೂಗು ಎಂದು ಗಲಾತ್ಯ ಪತ್ರಿಕೆಯ 4ನೆಯ ಅಧ್ಯಾಯದಿಂದ ಕಲಿಯುತ್ತೇವೆ. ಬದುವಿನ ಜಗಳದಿಂದ ಮೂರು ವರುಷ ಮಾತುಬಿಟ್ಟ ಅಣ್ಣತಮ್ಮಂದಿರು ಕರ್ತನ ಭೋಜನಕ್ಕೆ ಬರುವ ಮೊದಲು ಒಬ್ಬರ ಮನೆಗೊಬ್ಬರು ಹೋಗಿ ಸಮಾಧಾನವಾದರೆ ಅದು ಪರಲೋಕದ ಗೊಂಚಲಿನ ಒಂದು ಹಣ್ಣೇ ಸರಿ. ಪರಲೋಕದಲ್ಲಿ ತುಂಬಿರುವ ಪ್ರೀತಿ, ಸಂತೋಷ, ಸಮಾಧಾನಗಳಲ್ಲದೆ ಬೇರೆ ಏನನ್ನು ಆತ್ಮನು ಇಲ್ಲಿ ಕೊಡುತ್ತಾನೆ? ಸ್ವಲ್ಪವೇ ಇರಬಹುದು, ಜಾತಿ ಮಾತ್ರ ಅದೇ.

ಇನ್ನು ಮಾತು ತಪ್ಪುವ ವಿಷಯ. ಸಂಚಕಾರ ಕೊಟ್ಟವನು ಹಿಂದೆಗೆದರೆ ಏನಾಗುವದು, ತಕ್ಕೊಂಡವನು ಹಿಂದೆಗೆದರೆ ಏನಾಗುವದು ಎಂಬದಕ್ಕೆ ಈ ದೇಶದಲ್ಲಿ ಬಹು ಹಿಂದಿನಿಂದಲೂ ಕಟ್ಟಳೆಯಿತ್ತು. ಸತ್ಯಂಕಾರವಾಗಿ ಕೊಟ್ಟ ದ್ರವ್ಯವನ್ನು ಇಮ್ಮಡಿಯಾಗಿ ಹಿಂದಕ್ಕೆ ಕೊಡಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕರ್ನಾಟಕದ ಕಲ್ಯಾಣದಲ್ಲಿ ಆ ಸ್ಮೃತಿಗೆ ಮಿತಾಕ್ಷರವೆಂಬ ಟೀಕೆಯನ್ನು ಬರೆದ ವಿಜ್ಞಾನೇಶ್ವರನು, ಉಂಗುರ ಮೊದಲಾದದ್ದನ್ನು ಕೊಟ್ಟವನೇ ಮಾತು ತಪ್ಪಿದರೆ ಅದನ್ನು ಕಳಕೊಳ್ಳಬೇಕು, ತೆಗೆದುಕೊಂಡವನು ತಪ್ಪಿದರೆ ಎರಡರಷ್ಟು ಕೊಡಬೇಕು ಎಂದು ಬಿಡಿಸಿ ಹೇಳಿದ್ದಾನೆ. ಆಶ್ಚರ್ಯವೇನಂದರೆ, ಜಸ್ಟಿನಿಯನ್ ಚಕ್ರವರ್ತಿಯು 533ರಲ್ಲಿ ಪ್ರಕಟಿಸಿದ ರೋಮದ ಧರ್ಮಶಾಸ್ತ್ರದಲ್ಲಿಯೂ ಇದೇ ನ್ಯಾಯವಿದೆ. ಕಡಲಾಚೆಯವರಿಗೂ ಈಚೆಯವರಿಗೂ ಸಂತೆಯ ಧರ್ಮ ಒಂದೇ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಂಥ ಸ್ಥಳಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಕ್ರಯ ಗೊತ್ತುಮಾಡಿದವರು ಸಂಚಕಾರವು ಕೈ ಬದಲಿದ ಮೇಲೆ ಮಾತು ತಪ್ಪಿದರೆ ಮುಂದಿನ ಜಾತ್ರೆಯಲ್ಲಿ ಅವರಿಗೆ ಮುಖ ತೋರಿಸುವದು ಕಷ್ಟ.

ಇದನ್ನು ಮನಸ್ಸಿನಲ್ಲಿಟ್ಟು ಎರಡನೆಯ ಕೊರಿಂಥ ಪತ್ರಿಕೆಯ ಮೊದಲನೆಯ ಅಧ್ಯಾಯವನ್ನು ತಿರಿಗಿ ಓದಿರಿ. ಪೌಲನು ಕೊರಿಂಥಕ್ಕೆ ಬರುತ್ತೇನೆಂದು ಹೇಳಿ ಆ ಸಮಯಕ್ಕೆ ಬರಲಿಲ್ಲ. ಇವನ ಮಾತು ಒಂದು ಸಾರಿ ಹೌದು, ಒಂದು ಸಾರಿ ಅಲ್ಲ ಎಂದು ಕೆಲವರು ಅವನ ಮೇಲೆ ದೂರು ಹೊರಿಸಿದರು. ಅಪೋಸ್ತಲನಿಗೆ ತನ್ನ ಮಾನಕ್ಕಿಂತಲೂ ಹೆಚ್ಚಿನ ಚಿಂತೆ ಯಾವದಂದರೆ, ಪೌಲನ ಮಾತು ನಿಲ್ಲದಿದ್ದರೆ ಅವನು ಸಾರಿದ ದೇವರ ಮಾತೂ ನಿಲ್ಲದೆಂದು ಇವರು ಎಣಿಸಾರೆಂಬದೇ. ಆದದರಿಂದ ಅವನು ತನ್ನ ಪ್ರಯಾಣದ ಮಾತನ್ನು ಬಿಟ್ಟು ದೇವರ ವಾಗ್ದಾನಗಳ ಮಾತಿಗೆ ಏರುತ್ತಾನೆ. ಅವೆಲ್ಲವೂ ಕ್ರಿಸ್ತನಲ್ಲಿ ಹೌದಾಗಿವೆಯೆಂದು ಹೇಳಿ, 21ನೆಯ ಮತ್ತು 22ನೆಯ ವಚನಗಳಲ್ಲಿ ಒಂದರ ಹಿಂದೆ ಒಂದಾಗಿ ವ್ಯಾಪಾರದ ಮೂರು ಮಾತುಗಳನ್ನು ತರುತ್ತಾನೆ: ಸ್ಥಿರಪಡಿಸುವದು, ಮುದ್ರೆಹಾಕುವದು, ಸಂಚಕಾರ ಕೊಡುವದು. ಸ್ಥಿರಪಡಿಸುವದೆಂಬ ಗ್ರೀಕ್ ಮಾತು ಮಾರುವವನು ಕೊಳ್ಳುವವನಿಗೆ ಕೊಡುವ ಹೊಣೆಗೆ ನ್ಯಾಯಸ್ಥಾನಗಳಲ್ಲಿ ನಡೆಯುತ್ತಿದ್ದ ಮಾತೆಂದು ಜರ್ಮನಿಯ ದೈಸ್ಮನ್ನೆಂಬ ಪಂಡಿತನು ಹಳೇ ಕರಾರುಗಳಿಂದ ತೋರಿಸಿಕೊಟ್ಟನು. ಮನುಷ್ಯನಾದ ಪೌಲನ ಪ್ರಯಾಣವು ತಡವಾಗಬಹುದು. ದೇವರಾದರೋ ಬರೀ ಮಾತನ್ನು ಕೊಡದೆ ಮುಂಗಡವನ್ನೇ ನಿಮ್ಮ ಹೃದಯಗಳಲ್ಲಿ ಇಟ್ಟಿದ್ದಾನೆ. ಅದೂ ಬೆಳ್ಳಿ ಬಂಗಾರವಲ್ಲ, ತನ್ನ ಆತ್ಮನು. ಸಂಚಕಾರವನ್ನು ಕಳಕೊಂಡರೂ ಚಿಂತೆಯಿಲ್ಲವೆಂದು ಹಿಂದೆಗೆಯುವ ಧನವಂತರು ಉಂಟು. ದೇವರು ಹಿಂದೆಗೆದರೆ ಕಳಕೊಳ್ಳಬೇಕಾದದ್ದು ಏನೆಂಬದನ್ನು ಯೋಚಿಸಿರಿ.

ಇಲ್ಲಿ ಒಂದು ತಪ್ಪಭಿಪ್ರಾಯವನ್ನು ತೆಗೆದುಹಾಕುವದು ಅವಶ್ಯ. ನಮ್ಮ ಹಳ್ಳಿಯ ಸಭೆಗಳಲ್ಲಿ ಇದು ಬಹು ಮಂದಿಯ ಮನಸ್ಸಿನೊಳಗೆ ಇದೆ. ಸಂಚಕಾರವೆಂದರೆ ಮುಂಗಡವಷ್ಟೆ, ಹಾಗಾದರೆ ಬಾಕಿಯನ್ನು ಯಾರು ಕೊಡಬೇಕು ಎಂದು ಕೇಳಿದರೆ, ನಾವೇ ಕೊಡಬೇಕು ಎಂದು ಅವರು ಹೇಳುವರು. ಕರ್ತನು ಸ್ವಲ್ಪ ಕೊಟ್ಟನು. ಉಪವಾಸ, ಕಾಣಿಕೆ, ಒಳ್ಳೇ ನಡತೆ ಇವುಗಳಿಂದ ಉಳಿದದ್ದನ್ನು ನಾವು ತುಂಬಿಸಿದರೆ ಪರಲೋಕವು ಕ್ರಯವಾಗುವದೆಂದು ಎಣಿಸುತ್ತಾರೆ. ಪುಣ್ಯವನ್ನು ಕೂಡಿಸುವ ಹಳೇ ಲೆಕ್ಕದ ಪುಸ್ತಕವು ದೀಕ್ಷಾಸ್ನಾನದ ದಿನ ಮುಚ್ಚಿದರೂ ಮನಸ್ಸಿನ ಮೂಲೆಯಲ್ಲಿ ಉಳಿದಿರುತ್ತದೆ. ಕಾಯಿಲೆಯ ಹಾಸಿಗೆಯಲ್ಲಿ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. ಬಹಳ ವರುಷ ಸಭೆಯಲ್ಲಿ ನಂಬಿಗಸ್ತರಾಗಿ ನಡೆದವರು ಸಾಯುವ ಕಾಲದಲ್ಲಿ, ನನ್ನ ಬಾಕಿ ತೀರಲಿಲ್ಲವಲ್ಲಾ ಎಂದು ಹೆದರುವದನ್ನು ನಾವು ಕಂಡಿದ್ದೇವೆ. ಅವರ ಹೆದರಿಕೆಗೆ ಈ ಮಾತಿನ ತಪ್ಪಾದ ಅರ್ಥವು ಸೌದೆ ಹಾಕಬಾರದು.

ಆದದರಿಂದ ಚೆನ್ನಾಗಿ ಗಮನಿಸಿರಿ. ನಮ್ಮನ್ನು ಬಿಡಿಸುವದಕ್ಕೆ ಕೊಡಬೇಕಾದ ಕ್ರಯದಲ್ಲಿ ಮುಂಗಡವೂ ಇಲ್ಲ, ಬಾಕಿಯೂ ಇಲ್ಲ. ಅದು ಶಿಲುಬೆಯ ಮೇಲೆ ಪೂರ್ತಿಯಾಗಿ ಸಲ್ಲಿತು. ಒಂದನೆಯ ಕೊರಿಂಥ ಪತ್ರಿಕೆಯ 6ನೆಯ ಅಧ್ಯಾಯವೂ, ಪೇತ್ರನ ಒಂದನೆಯ ಪತ್ರಿಕೆಯ 1ನೆಯ ಅಧ್ಯಾಯವೂ ಆ ಕ್ರಯವನ್ನು ಕುರಿತು ಮಾತಾಡುವಾಗ ಮುಗಿದುಹೋದ ಕೆಲಸವನ್ನು ಕುರಿತೇ ಮಾತಾಡುತ್ತವೆ. ಸಂಚಕಾರವೆಂಬ ಮಾತು ಬರುವ ಮೂರು ಸ್ಥಳಗಳಲ್ಲಿಯೂ ಕೊಡುವವನು ದೇವರು, ತೆಗೆದುಕೊಳ್ಳುವವರು ನಾವು. ಲೋಕದ ರೂಢಿಯಲ್ಲಿ ಸಂಚಕಾರ ಕೊಟ್ಟವನ ಮೇಲೆಯೇ ಬಾಕಿಯ ಭಾರವಿರುತ್ತದೆ. ತೆಗೆದುಕೊಂಡವನ ಮೇಲೆ ಅಲ್ಲ. ಎಮ್ಮೆಯ ಬಾಕಿಯನ್ನು ಅಜ್ಜಿಯು ತಂದುಕೊಟ್ಟಳೇ ಹೊರತು ಎಮ್ಮೆ ಮಾರಿದವನು ತರಲಿಲ್ಲ. ಹಾಗೆಯೇ ಇನ್ನೂ ಬರಬೇಕಾದ ಬಾಧ್ಯತೆ, ಅಂದರೆ ಮರಣವಿಲ್ಲದ ದೇಹ, ಕಣ್ಣೀರಿಲ್ಲದ ಮನೆ, ಮುಖಾಮುಖಿಯಾಗಿ ಕರ್ತನ ದರ್ಶನ, ಇವೆಲ್ಲಾ ದೇವರು ನಮಗೆ ಕೊಡಬೇಕಾದ ಬಾಕಿ. ಆತನು ನಮ್ಮಿಂದ ಸಾಲ ತೆಗೆದುಕೊಂಡದ್ದರಿಂದ ಹೀಗೆ ಬಾಕಿದಾರನಾಗಲಿಲ್ಲ. ತನ್ನ ಕೃಪೆಯಿಂದ ತಾನೇ ಮುಂಗಡ ಕೊಟ್ಟು ತನ್ನನ್ನು ಕಟ್ಟಿಕೊಂಡನು.

ಇದಕ್ಕಿಂತ ಮುಂದೆ ಈ ಸಾಮ್ಯವನ್ನು ಎಳೆಯಬಾರದು. ಮಾರುವವನು ಯಾರು, ವಸ್ತುವು ಯಾವದು, ಕರಾರು ಬರೆದವರು ಯಾರು ಎಂದು ಒಂದೊಂದನ್ನೂ ಹುಡುಕುತ್ತಾ ಹೋದರೆ ಗಂಟು ಬೀಳುತ್ತದೆ. ಎಫೆಸ ಪತ್ರಿಕೆಯ ಅದೇ 14ನೆಯ ವಚನದ ಮುಂದಿನ ಭಾಗದಲ್ಲಿ ನಾವೇ ದೇವರ ಸ್ವಕೀಯ ಸೊತ್ತೆಂಬ ಅರ್ಥವೂ ತೋರುತ್ತದೆ; ವ್ಯಾಖ್ಯಾನಕಾರರು ಅದರ ವಿಷಯದಲ್ಲಿ ಒಂದೇ ಮಾತಿನವರಲ್ಲ. ನಾವು ಆತನ ಪಾಲು, ಆತನು ನಮ್ಮ ಪಾಲು ಎಂದು ಎರಡನ್ನೂ ಹಿಡಿಯುವದರಲ್ಲಿ ನಷ್ಟವಿಲ್ಲ. ಈಗಿನ ಕಾಲದ ಗ್ರೀಕರ ಭಾಷೆಯಲ್ಲಿ ಇದೇ ಹಳೇ ಮಾತು ಮದುವೆಯ ನಿಶ್ಚಿತಾರ್ಥಕ್ಕೆ ಹೆಸರಾಗಿದೆಯಂತೆ. ಪೌಲನ ಕಾಲದಲ್ಲಿ ಆ ಅರ್ಥವಿತ್ತೆಂದು ನಾವು ಹೇಳುವದಿಲ್ಲ. ಆದರೂ ಸಭೆಯನ್ನು ಕ್ರಿಸ್ತನೆಂಬ ಒಬ್ಬನೇ ಪುರುಷನಿಗೆ ನಿಶ್ಚಯ ಮಾಡಿದೆನೆಂದು ಇದೇ ಎರಡನೆಯ ಕೊರಿಂಥ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಬರೆದವನಿಗೆ ಆ ಅರ್ಥವು ಅಸಹ್ಯವಾಗುತ್ತಿರಲಿಲ್ಲ.

ಕಡೇದಾಗಿ ಮೂರನೆಯ ಸ್ಥಳ, ಎರಡನೆಯ ಕೊರಿಂಥ 5ನೆಯ ಅಧ್ಯಾಯ. ಇಲ್ಲಿ ಗುಡಾರ ಮಾಡುವವನಾದ ಪೌಲನು ದೇಹವನ್ನೇ ಗುಡಾರವೆಂದು ಕರೆಯುತ್ತಾನೆ. ಹಗ್ಗ ಸಡಿಲುವದು, ಬಟ್ಟೆ ಹರಿಯುವದು, ಒಂದು ದಿವಸ ಬಿಚ್ಚಿ ಸುತ್ತಿಡುವದು ಅವನಿಗೆ ಚೆನ್ನಾಗಿ ಗೊತ್ತು. ಆ ಗುಡಾರದಲ್ಲಿದ್ದು ನರಳುತ್ತೇವೆ ಎಂದು ಬಿಚ್ಚುಮನಸ್ಸಿನಿಂದ ಹೇಳುತ್ತಾನೆ. ಸಂಚಕಾರ ಸಿಕ್ಕಿದವನಿಗೆ ನರಳಾಟವಿರುವದಿಲ್ಲವೆಂದು ಅವನು ಎಲ್ಲಿಯೂ ಬರೆಯಲಿಲ್ಲ. ಆತ್ಮನು ನನ್ನಲ್ಲಿದ್ದರೆ ಈ ಜ್ವರ ಯಾಕೆ, ಈ ಬಡತನ ಯಾಕೆ, ತೀರಿಹೋದ ಈ ಮಗು ಯಾಕೆ ಎಂದು ಕೇಳುವವರಿಗೆ ಅಪೋಸ್ತಲನ ಉತ್ತರವು ಇಷ್ಟೇ: ನಿನಗೆ ದೊರೆತದ್ದು ಸಂಚಕಾರ, ಪೂರ್ತಿ ಇನ್ನೂ ಬರಬೇಕಾಗಿದೆ. ಹೊಲಕ್ಕೆ ಸಂಚಕಾರ ಕೊಟ್ಟವನು ಪತ್ರವು ರಿಜಿಸ್ಟ್ರಿಯಾಗುವ ತನಕ ಅಲ್ಲಿ ನೇಗಿಲು ಹೂಡುವದಿಲ್ಲ. ಆದರೂ ಸಂಜೆಯ ಹೊತ್ತು ಬದುವಿನ ಮೇಲೆ ನಡೆದುಹೋಗುತ್ತಾ ಇಲ್ಲಿ ರಾಗಿ, ಅಲ್ಲಿ ಅವರೆ ಎಂದು ನೋಡಿಕೊಂಡು ಬರುತ್ತಾನೆ. ಮರಣಕಾಲದ ಹಾಸಿಗೆಯ ಬಳಿಯಲ್ಲಿ ಕೂತುಕೊಳ್ಳುವ ಉಪದೇಶಿಗಳೂ ಸಭೆಯ ಹಿರಿಯರೂ ಈ ಅಧ್ಯಾಯದ ಮೊದಲ ಎಂಟು ವಚನಗಳನ್ನು ಮೆಲ್ಲಗೆ ಓದಲಿ. 5ನೆಯ ವಚನಕ್ಕೆ ಬಂದಾಗ ಸಂಚಕಾರವೆಂಬ ಮಾತನ್ನು ಹಾಗೆಯೇ ಬಿಟ್ಟುಹೋಗದೆ, ಮುಂಗಡ ಎಂದು ಒಂದು ಸಾರಿ ಬಿಡಿಸಿ ಹೇಳಲಿ. ಮಲಗಿರುವವರ ಕಿವಿಗೆ ಆ ಘಳಿಗೆಯಲ್ಲಿ ಕೇಡಿನ ಅರ್ಥವು ಕೇಳಿಸಬಾರದು.

ಈ ಪಾಠದಲ್ಲಿ ಮುದ್ರೆ ಎಂಬ ಮಾತನ್ನು ಹೆಸರಿಸಿದರೂ ಅದನ್ನು ವಿವರಿಸಲು ಸ್ಥಳ ಸಾಲದೆ ಹೋಯಿತು. ರೇವಿನಲ್ಲಿ ಮೂಟೆಗಳಿಗೆ ಹಾಕುವ ಮುದ್ರೆಯೂ, ಎಫೆಸ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಸುಳ್ಳು, ಸಿಟ್ಟು, ಕಳವು, ಕೆಟ್ಟ ಮಾತು ಇವುಗಳ ನಡುವೆ ಆ ಮುದ್ರೆಯ ಮಾತು ಯಾಕೆ ಬಂತೆಂಬದೂ ಬೇರೊಂದು ಸಂಚಿಕೆಯಲ್ಲಿ ಬರುವವು.